ಪೆಗ್ಗಿನ ಹಾಡು ಬಿಟ್ಟು ಮಾದಪ್ಪನ ಪದಕ್ಕೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಬೇಡಿ

ಕೆರಗೋಡು ಹೋಬಳಿಯ ಹಿರಿಯರೇ, ಅಕ್ಕ-ಅಣ್ಣಂದಿರೇ, ಓದುವ ಹುಡುಗ-ಹುಡುಗಿಯರೇ,

ರ‍್ಯಾಪ್ ಅಂದರೆ ಸಾಕು, ನಮ್ಮ ಕಡೆ ಅರಳಿಕಟ್ಟೆಯಲ್ಲಿ ಇವತ್ತಿಗೂ ಒಂದೇ ಮಾತು: "ಮಾದಪ್ಪನ ಪದನೂ ಬಿಡ್ನಿಲ್ಲ ಕನಪ್ಪ ಇವ್ರು." 2020ರ ಆಗಸ್ಟಿನಲ್ಲಿ ರ‍್ಯಾಪ್ ಹಾಡುಗಾರ ಚಂದನ್ ಶೆಟ್ಟಿ ಮಲೆ ಮಹದೇಶ್ವರನ, ಅಂದರೆ ನಮ್ಮ ಮಾದಪ್ಪನ 'ಕೋಲುಮಂಡೆ' ಹಾಡನ್ನು ಹೊಸ ಬೀಟ್ ಹಾಕಿ ತಂದಾಗ ಎದ್ದ ಸಿಟ್ಟು ಅದು. ಹಾಡು ಮರೆತುಹೋಗಿದೆ, ಸಿಟ್ಟು ಮಾತ್ರ ಉಳಿದಿದೆ. ಉಳಿದ ಸಿಟ್ಟು ಈಗ ರ‍್ಯಾಪ್ ಬರೆಯುವ ನಮ್ಮೂರ ಹುಡುಗರ ಮೇಲೆ ತಿರುಗುತ್ತಿದೆ. ಅದಕ್ಕೇ ಈ ಕರಪತ್ರ.

ಮೊದಲು ತಪ್ಪನ್ನು ತಪ್ಪು ಎನ್ನೋಣ. ಆ ಹಾಡಿನ ವಿಡಿಯೋದಲ್ಲಿ ಮಾದಪ್ಪನ ಕಥೆಯ ಸಂಕಮ್ಮನನ್ನು ತೋರಿಸಿದ ರೀತಿ ಭಕ್ತರಿಗೆ ನೋವು ತಂದಿತು. ನನಗೂ ತಂದಿತು. ಗಂಡ ನೀಲೇಗೌಡ ಅನುಮಾನಪಟ್ಟು ಭಾಷೆ ಕೊಡು ಎಂದು ಹಿಂಸೆ ಕೊಟ್ಟಾಗಲೂ ಬಾಗದ ಹೆಣ್ಣು ಸಂಕಮ್ಮ. ಮಾದಪ್ಪನೇ ಬಂದು ಕಾಯ್ದ ಹೆಣ್ಣು. ಅವಳ ಕಥೆ ಕೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡ ನನ್ನ ಅಜ್ಜಿಯ ಪಕ್ಕದಲ್ಲಿ ಕೂತು ಬೆಳೆದವನು ನಾನು. ಮಳವಳ್ಳಿ ದಾಟಿ, ಸತ್ತೇಗಾಲ ದಾಟಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುತ್ತಿದ್ದವಳು ನನ್ನ ಅಜ್ಜಿ. ಆದ್ದರಿಂದ ಆವತ್ತು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಚಂದನ್ ಕ್ಷಮೆಯನ್ನೂ ಕೇಳಿದರು. ಅಲ್ಲಿಗೆ ಆ ಲೆಕ್ಕ ಮುಗಿಯಬೇಕಿತ್ತು.

ಮುಗಿಯಲಿಲ್ಲ. ವಿಡಿಯೋದ ತಪ್ಪನ್ನು ರಾಗದ ತಲೆಗೆ ಕಟ್ಟಿದೆವು. "ಜನಪದಕ್ಕೂ ರ‍್ಯಾಪಿಗೂ ಏನ್ ಸಂಬಂಧ?" ಎಂದು ಶುರುವಾಗಿ, "ಪೆಗ್ಗಿನ ಹಾಡು ಬರೆಯೋನಿಗೆ ದೇವರ ಪದ ಯಾಕೆ?" ಎಂಬಲ್ಲಿಗೆ ಬಂದು ನಿಂತಿತು. ಇದನ್ನು ನಾನು ಒಪ್ಪುವುದಿಲ್ಲ. ಚಂದನ್ '3 ಪೆಗ್' ಹಾಡಿದಾಗ ಹುಡುಗರನ್ನು ಹಾಳುಮಾಡುತ್ತಾನೆ ಎಂದು ಬೈದವರು ನಾವೇ. ಕುಡಿತದ ಹಾಡು ಬಿಟ್ಟು, ಭಿಕ್ಷಕ್ಕೆ ಬಂದ ಜಂಗಮನ ಹಾಡು ಹಿಡಿದಾಗಲೂ ಬೈದವರು ನಾವೇ. ಹಾಗಾದರೆ ಹಾಸನದ ಕಡೆಯ ಆ ಹುಡುಗ ಇನ್ನೆತ್ತ ಹೋಗಬೇಕಿತ್ತು?

ಇದೇ ಕೋಲುಮಂಡೆ ಪದ 1996ರಲ್ಲಿ ನಾಗಾಭರಣರ 'ಜನುಮದ ಜೋಡಿ' ಸಿನಿಮಾದಲ್ಲಿ ಬಂತು. ವಿ. ಮನೋಹರ್ ಸಂಗೀತ, ಎಲ್.ಎನ್. ಶಾಸ್ತ್ರಿ ಗಾಯನ. ಮಾದಪ್ಪನ ಪದ ಹಾಡುವ ಕಂಸಾಳೆಯವರ ಬಾಯಲ್ಲಿದ್ದ ಪದ ಸ್ಟುಡಿಯೋ ವಾದ್ಯಗಳ ನಡುವೆ ಕೂತಿತು. ಆಗ ಯಾರೂ ಮಾದಪ್ಪನಿಗೆ ಅಪಚಾರ ಎನ್ನಲಿಲ್ಲ. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು, ನಮ್ಮ ಮದುವೆ ಮನೆಗಳ ಮೈಕಿನಲ್ಲಿ ವರ್ಷಗಟ್ಟಲೆ ಆ ಹಾಡು ಮೊಳಗಿತು. 2005ರಲ್ಲಿ ಮಂಡ್ಯ ಜಿಲ್ಲೆಯವರೇ ಆದ ಪ್ರೇಮ್ 'ಜೋಗಿ' ಮಾಡಿದಾಗ ಜೋಗಪ್ಪನ ಪದಕ್ಕೆ ಟೆಂಟಿನಲ್ಲಿ ಶಿಳ್ಳೆ ಹೊಡೆದೆವು. ಶಿಶುನಾಳ ಷರೀಫರ ತತ್ವಪದವನ್ನು ಸಿ. ಅಶ್ವತ್ಥ್ ಒಂದು ಬಗೆಯಲ್ಲಿ ಹಾಡಿದರು, ರಘು ದೀಕ್ಷಿತ್ ಗಿಟಾರ್ ಹಿಡಿದು ಇನ್ನೊಂದು ಬಗೆಯಲ್ಲಿ ಹಾಡಿದರು. ಷರೀಫರು ಎಲ್ಲೂ ಹೋಗಲಿಲ್ಲ, ಅವರನ್ನು ಕೇಳುವವರು ಹೆಚ್ಚಾದರು.

ಇನ್ನು ನಮ್ಮ ಊರುಗಳ ಕುರುಕ್ಷೇತ್ರ ನಾಟಕವನ್ನೇ ನೋಡಿ. ಹಾರ್ಮೋನಿಯಂ ಮೇಷ್ಟ್ರು ಇಲ್ಲದೆ ದುರ್ಯೋಧನ ರಂಗಕ್ಕೆ ಬರುತ್ತಾನೆಯೇ? ಆ ಪೆಟ್ಟಿಗೆ ಹಡಗು ಹತ್ತಿ ಯುರೋಪಿನಿಂದ ಬಂದದ್ದು. ಈಗ ಅದರ ಪಕ್ಕದಲ್ಲಿ ಕೀಬೋರ್ಡೂ ರಿದಂ ಪ್ಯಾಡೂ ಕೂತಿವೆ. ಭೀಮನ ಗದೆ ಎದ್ದಾಗ ಪ್ಯಾಡಿನವನು ಕೊಡುವ ಏಟಿಗೆ ಮುಂದಿನ ಸಾಲಿನ ಹಿರಿಯರೇ ಚಪ್ಪಾಳೆ ತಟ್ಟುವುದನ್ನು ಕಂಡಿದ್ದೇನೆ. ಆ ಏಟು ಹಬ್ಬದ ದಿನ ಟೀ ಶರ್ಟ್ ಹಾಕಿದ ಹುಡುಗನ ಹಾಡಿನಲ್ಲಿ ಕೇಳಿಸಿದರೆ ಮಾತ್ರ ಯಾಕೆ ಮುಖ ಸಿಂಡರಿಸಬೇಕು?

ಜನಪದಕ್ಕೂ ರ‍್ಯಾಪಿಗೂ ಸಂಬಂಧ ಏನು ಎಂದು ಕೇಳುವವರು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಕಡೆ ಒಂದು ರಾತ್ರಿ ಕೂತು ಬನ್ನಿ. ಮಂಟೇಸ್ವಾಮಿ ಮಠದ ಊರು ಅದು. ತಂಬೂರಿ ಹಿಡಿದ ನೀಲಗಾರರು ಕಥೆ ಹೇಳುವುದು ಹೇಗೆ? ಸ್ವಲ್ಪ ಹಾಡು, ಸ್ವಲ್ಪ ಮಾತು. ಮಾತೂ ಬರೀ ಮಾತಲ್ಲ, ಗಗ್ಗರದ ಏಟಿಗೆ ಸರಿಯಾಗಿ ಬಿಗಿದು ಬೀಳುವ ಮಾತು. ಮುಮ್ಮೇಳದವರು ಉಸಿರು ಬಿಡದೆ ಓಡಿಸುತ್ತಾರೆ, ಹಿಮ್ಮೇಳದವರು ಸೊಲ್ಲು ಹಿಡಿದು ಎಳೆಯುತ್ತಾರೆ. ಎದುರಿಗೆ ಕೂತ ಜನಕ್ಕೆ ತಕ್ಕಂತೆ ಕಥೆ ಉದ್ದವಾಗುತ್ತೆ, ಗಿಡ್ಡವಾಗುತ್ತೆ. ಒಬ್ಬರು ಹೇಳಿದ ಹಾಗೆ ಇನ್ನೊಬ್ಬರು ಹೇಳುವುದಿಲ್ಲ. ತಾಳಕ್ಕೆ ಮಾತು ಕಟ್ಟಿ ಬಡವರ ಕಥೆ ಹೇಳುವ ಕಸುಬು ಇದು. ರ‍್ಯಾಪಿನ ಕಸುಬೂ ಇದೇ.

ರ‍್ಯಾಪಿನ ಬೇರಾದ ಹಿಪ್ ಹಾಪ್ ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡ ಕೇರಿಯಲ್ಲಿ. 1973ರ ಆಗಸ್ಟ್ 11ರಂದು ಡಿಜೆ ಕೂಲ್ ಹರ್ಕ್ ಒಂದು ಪಾರ್ಟಿಯಲ್ಲಿ ಹಳೆಯ ರೆಕಾರ್ಡುಗಳನ್ನು ಹಾಕಿ, ಡ್ರಮ್ಮು ಮಾತ್ರ ನುಡಿಯುವ ತುಣುಕನ್ನು ತಿರುತಿರುಗಿ ನುಡಿಸಿದ. ಹಳೆಯ ಹಾಡನ್ನು ಎತ್ತಿ ಹೊಸ ಕುಣಿತಕ್ಕೆ ಕೊಡುವುದೇ ಅದರ ಮೊದಲ ಪಾಠ. ಚಂದನ್ ಕೋಲುಮಂಡೆಗೆ ಕೈ ಹಾಕಿದ್ದು ಆ ಪಾಠಕ್ಕೆ ಒಪ್ಪುವ ಕೆಲಸವೇ. ಪೆಗ್ಗಿನ ಹಾಡಿನವನು ದೇವರ ಪದಕ್ಕೆ ಬಂದದ್ದೂ ವಿಚಿತ್ರವಲ್ಲ. ರ‍್ಯಾಪಿನಲ್ಲೇ ಹೆಸರು ಮಾಡಿದ ಅಮೆರಿಕದ ಆಂದ್ರೆ 3000 ಎಂಬಾತ 2023ರಲ್ಲಿ ಒಂದು ಸಾಲೂ ರ‍್ಯಾಪ್ ಇಲ್ಲದೆ ಇಡೀ ಆಲ್ಬಂ ತುಂಬ ಕೊಳಲು ನುಡಿಸಿದ. ಹಾಡುವವನ ಮನಸ್ಸು ಒಂದೇ ಕಡೆ ನಿಲ್ಲುವುದಿಲ್ಲ. ನಮ್ಮ ಗದ್ದೆಯಲ್ಲೂ ಕಬ್ಬು ತೆಗೆದು ಭತ್ತ ಹಾಕುತ್ತೇವಲ್ಲ, ಮಣ್ಣು ನಮ್ಮದೇ ತಾನೇ?

ಬೀಟ್ ಜೋರಾಯಿತು, ಪದ ಕೇಳಿಸಲಿಲ್ಲ ಎಂಬ ದೂರಿದೆ. ಅದು ಹಾಡಿನ ಬಗ್ಗೆ ಆಡಬೇಕಾದ ಮಾತು, ಧಾರಾಳವಾಗಿ ಆಡೋಣ. ನನಗೂ ಆ ಹಾಡಿನಲ್ಲಿ ತಂಬೂರಿಗೆ ಇನ್ನಷ್ಟು ಜಾಗ ಬೇಕಿತ್ತು ಅನ್ನಿಸಿದೆ. ಕಂಸಾಳೆಯವರನ್ನೇ ಕರೆಸಿ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರೆ ಸಂಕಮ್ಮನ ವಿಷಯದಲ್ಲಿ ಎಡವುತ್ತಲೂ ಇರಲಿಲ್ಲ ಎಂದು ಬಲವಾಗಿ ನಂಬಿದ್ದೇನೆ. ಸರಿಯಾಗಿ ಮಾಡು ಎಂದು ಹೇಳೋಣ. ಮುಟ್ಟಲೇಬೇಡ ಎಂದರೆ ಮುಂದಿನ ಹುಡುಗ ಸುಲಭದ ದಾರಿ ಹಿಡಿದು ಮತ್ತೆ ಪೆಗ್ಗಿನ ಹಾಡನ್ನೇ ಬರೆಯುತ್ತಾನೆ. ಅತ್ತ ನೀಲಗಾರರ ಮನೆಯಲ್ಲಿ ತಂಬೂರಿ ಗೋಡೆಯ ಗೂಟದಲ್ಲೇ ಉಳಿಯುತ್ತೆ.

ಹಿರಿಯರಲ್ಲಿ ನನ್ನ ಬೇಡಿಕೆ ಇಷ್ಟು. ಈ ಸಲ ಗಣಪತಿ ಕೂರಿಸಿದಾಗ ಆರ್ಕೆಸ್ಟ್ರಾಕ್ಕೆ ಎತ್ತುವ ಚಂದಾದಲ್ಲಿ ಒಂದು ಪಾಲು ತಂಬೂರಿ ಪದದವರಿಗೆ ತೆಗೆದಿಡಿ. ಅವರು ಒಂದು ಗಂಟೆ ಹಾಡಲಿ. ಅವರು ಎದ್ದ ಮೇಲೆ ಅದೇ ವೇದಿಕೆಯಲ್ಲಿ, ಅದೇ ಮೈಕಿನಲ್ಲಿ, ರ‍್ಯಾಪ್ ಬರೆಯುವ ನಮ್ಮ ಹೋಬಳಿಯ ಹುಡುಗರಿಗೆ ಅರ್ಧ ಗಂಟೆ ಕೊಡಿ. ಹುಡುಗರೇ, ನೀವು ಮೊದಲ ಒಂದು ಗಂಟೆ ಮೊಬೈಲ್ ಜೇಬಿಗಿಟ್ಟು ಮುಂದಿನ ಸಾಲಿನಲ್ಲಿ ಕೂತಿರಬೇಕು.

— ಕೆರಗೋಡಿನ ಒಬ್ಬ ಕೇಳುಗ
(ಓದಿದ ಮೇಲೆ ಪಕ್ಕದ ಮನೆಯವರಿಗೆ ಕೊಡಿ)