ಆಳು ಹೋದರೂ ಫ್ಯೂಸ್ ಹೋಗದು!

ಬೆಳಿಗ್ಗೆ ಬಸ್ಸು ಹಿಡಿಯಲು ಹೊರಟವರು ಒಮ್ಮೆ ಕಾಲ ಕೆಳಗೆ ನೋಡಿ. ಪಕ್ಕದಲ್ಲಿ ಹೊಸ ಕಟ್ಟಡ ಏಳುತ್ತಿದ್ದರೆ ಫುಟ್‌ಪಾತಿಗೆ ಅಡ್ಡವಾಗಿ ಒಂದು ವೈರು ಬಿದ್ದಿರುತ್ತದೆ. ಮೂರು ಕಡೆ ತುಂಡು, ಮೂರು ಕಡೆ ಟೇಪು. ಅದರ ಒಂದು ತುದಿ ಪಕ್ಕದ ಅಂಗಡಿಯ ಪ್ಲಗ್ ಪಾಯಿಂಟಿನಲ್ಲಿ. ಪ್ಲಗ್ಗೇ ಇಲ್ಲ, ಬರಿಯ ತಂತಿ ತೂರಿಸಿ, ಅಲ್ಲಾಡದಿರಲೆಂದು ಬೆಂಕಿಕಡ್ಡಿ ಸಿಕ್ಕಿಸಿದ್ದಾರೆ. ಇನ್ನೊಂದು ತುದಿಯಲ್ಲಿ ಟೈಲ್ಸ್ ಕತ್ತರಿಸುವ ಮಿಷನ್. ಅದನ್ನು ಹಿಡಿದ ಹುಡುಗ ಕ್ಯೂರಿಂಗ್ ನೀರಿನಲ್ಲಿ ಬರಿಗಾಲಲ್ಲಿ ನಿಂತಿದ್ದಾನೆ.

ಕೇಳಿ ನೋಡಿ. "ಏನೂ ಆಗಲ್ಲ ಬಿಡ್ರೀ ಸಾರ್, ಫ್ಯೂಸ್ ಐತಲ್ಲ" ಅನ್ನುತ್ತಾನೆ ಮೇಸ್ತ್ರಿ.

ಈ ಮಾತೇ ಜೀವ ತೆಗೆಯುವ ಮಾತು. ಫ್ಯೂಸ್ ಇರುವುದು ವೈರು ಸುಡದಿರಲಿ ಎಂದು. ಮನುಷ್ಯ ಉಳಿಯಲಿ ಎಂದಲ್ಲ. ಲೆಕ್ಕ ಸರಳ. 5 ಆಂಪಿಯರ್ ಅಂದರೆ 5,000 ಮಿಲಿಆಂಪಿಯರ್. ಮೈಯೊಳಗೆ ಹತ್ತಿಪ್ಪತ್ತು ಮಿಲಿಆಂಪಿಯರ್ ಹರಿದರೆ ಸಾಕು, ಬೆರಳು ಬಿಗಿದುಕೊಂಡು ಹಿಡಿದ ಮಿಷನ್ ಬಿಡಲಾಗುವುದಿಲ್ಲ. 50ರ ಆಸುಪಾಸಿನಲ್ಲಿ ಕೆಲವು ಸೆಕೆಂಡು ಹರಿದರೆ ಗುಂಡಿಗೆಯ ಬಡಿತವೇ ತಪ್ಪಬಹುದು. ಒದ್ದೆ ಮೈಗೆ 230 ವೋಲ್ಟ್ ತಗುಲಿದರೆ ಅಷ್ಟು ಹರಿಯಲು ಎಷ್ಟು ಹೊತ್ತು? ಆಳು ಹೋಗಿರುತ್ತಾನೆ, ಫ್ಯೂಸ್ ಹಾಗೇ ಇರುತ್ತದೆ. ಎಂಸಿಬಿಯ ಕತೆಯೂ ಇದೇ.

ಇದಕ್ಕೆ ಮದ್ದಿಲ್ಲವೆ? ಇದೆ. ಅದರ ಹೆಸರು ಆರ್‌ಸಿಸಿಬಿ. ಅಂಗಡಿಯವರು ರಾತ್ರಿ ಜಮಾ-ಖರ್ಚು ತಾಳೆ ನೋಡುವಂತೆ ಇದು ಹೋದ ಕರೆಂಟು, ಬಂದ ಕರೆಂಟು ಎರಡನ್ನೂ ಸದಾ ತಾಳೆ ನೋಡುತ್ತಿರುತ್ತದೆ. ಲೆಕ್ಕದಲ್ಲಿ 30 ಮಿಲಿಆಂಪಿಯರ್ ಕಡಿಮೆ ಬಂತೋ, ಯಾರದೋ ಮೈ ಮೂಲಕ ನೆಲಕ್ಕೆ ಸೋರುತ್ತಿದೆ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿಯುತ್ತದೆ. ಇಡೀ ಕಟ್ಟಡದ ಖರ್ಚಿನ ಮುಂದೆ ಇದರ ಬೆಲೆ ಏನೇನೂ ಅಲ್ಲ.

ಹಾಗೆಂದು ಅದೊಂದನ್ನೇ ನಂಬಿ ಕೂರುವಂತಿಲ್ಲ. ಎರಡು ತಂತಿಗಳನ್ನು ಎರಡು ಕೈಯಲ್ಲಿ ಹಿಡಿದವನನ್ನು ಅದೂ ಕಾಪಾಡದು. ಕಾಂಕ್ರೀಟ್ ಮಿಕ್ಸರ್, ವೈಬ್ರೇಟರಿನಂಥ ಕಬ್ಬಿಣದ ಮೈಯ ಮಿಷನ್‌ಗಳಿಗೆ ಅರ್ಥ್ ಬೇಕೇ ಬೇಕು; ಮೂರನೆಯ ಪಿನ್ ಮುರಿದು ಬಳಸುವುದು ನಿಲ್ಲಬೇಕು. ಚೌಕದೊಳಗೆ ಚೌಕದ ಗುರುತಿರುವ ಕೈಮಿಷನ್ ಅರ್ಥ್ ಇಲ್ಲದೆಯೂ ನಡೆಯುತ್ತದೆ, ಆದರೆ ವೈರು ಹರಿದಿದ್ದರೆ ಅದೂ ಯಮನೇ. ಆರ್‌ಸಿಸಿಬಿ ಮೇಲಿರುವ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು.

ಕಾನೂನು ಇಲ್ಲವೇನು? ಕಟ್ಟಡ ಕಾರ್ಮಿಕರ ಕಾಯ್ದೆ 1996ರಲ್ಲೇ ಬಂದಿತ್ತು. ದೊಡ್ಡ ಕಟ್ಟಡಗಳ ವೆಚ್ಚದ ಶೇಕಡಾ 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣಕ್ಕೆಂದೇ ವಸೂಲಾಗುತ್ತದೆ. ಸತ್ತ ಮೇಲೆ ಪರಿಹಾರ ಕೊಡುವುದು ಸರಿ. ಸಾಯುವ ಮೊದಲು ಸೈಟಿಗೆ ಬಂದು ಬೋರ್ಡು ನೋಡುವವರು ಯಾರು? ಪ್ಲಾನಿಗೆ ಸೀಲು ಹಾಕುವವರು, ತಾತ್ಕಾಲಿಕ ಕನೆಕ್ಷನ್ ಕೊಡುವವರು ಒಂದು ಮಾತು ಕೇಳಬಾರದೆ: "ಆರ್‌ಸಿಸಿಬಿ ಎಲ್ಲಿದೆ ತೋರಿಸಪ್ಪಾ?"

ಅಂಗಡಿಯವರಿಗೂ ಒಂದು ಮಾತು. "ಅಣ್ಣಾ, ಒಂದಿನ ಕರೆಂಟ್ ಕೊಡಿ" ಎಂದು ಬಂದವರಿಗೆ ದಾಕ್ಷಿಣ್ಯಕ್ಕೆ ಹೂಂ ಅನ್ನಬೇಡಿ. ನಾಳೆ ಹೆಣ ಬಿದ್ದರೆ ಆ ವೈರಿನ ಜಾಡು ಹಿಡಿದು ಪೊಲೀಸರು ಬರುವುದು ನಿಮ್ಮ ಗಲ್ಲಾಪೆಟ್ಟಿಗೆಯ ಹತ್ತಿರಕ್ಕೇ.

ಯಾರಿಗಾದರೂ ಶಾಕ್ ಹೊಡೆದರೆ ಓಡಿ ಹೋಗಿ ಕೈ ಹಿಡಿದು ಎಳೆಯಬೇಡಿ. ಮೊದಲು ಮೇನ್ ಆಫ್ ಮಾಡಿ, ಆಮೇಲೆ 108ಕ್ಕೆ ಫೋನ್ ಮಾಡಿ.

ಗೃಹಪ್ರವೇಶಕ್ಕೆ ಊರಿಗೆಲ್ಲ ಹೋಳಿಗೆ ಊಟ ಹಾಕಿಸುವ ಮಾಲೀಕರೇ, ಆ ಮನೆಗೆ ಟೈಲ್ಸ್ ಹಾಕಿದ ಹುಡುಗನೂ ಪಂಕ್ತಿಯಲ್ಲಿ ಕೂತು ಉಣ್ಣಬೇಡವೆ?