ಸರ್ವರ್ ಇಲ್ಲ, ನಾಳೆ ಬಾ!

ಹಿಂದೆ ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ದೆವ್ವದ ಕಾಟ ತಪ್ಪಿಸಿಕೊಳ್ಳಲು ಬಾಗಿಲ ಮೇಲೆ “ನಾಳೆ ಬಾ” ಎಂದು ಬರೆಯುತ್ತಿದ್ದರು. ದೆವ್ವ ಅದನ್ನು ಓದಿ ಹಿಂದಿರುಗುವುದು, ಮರುದಿನ ಬಂದು ಮತ್ತೆ ಅದನ್ನೇ ಓದುವುದು. ಈಗ ಆ ಬರಹ ಮನೆಯ ಬಾಗಿಲು ಬಿಟ್ಟು ಸರ್ಕಾರದ ಕಿಂಡಿಗೆ ಬಂದಿದೆ. “ಸರ್ವರ್ ಇಲ್ಲ, ನಾಳೆ ಬಾ” ಎಂಬ ಮಾತನ್ನು ಕೇಳದ ರೈತನು ಬೀದರಿನಿಂದ ಚಾಮರಾಜನಗರದವರೆಗೆ ಇದ್ದಾನೆಯೆ?

ಕೆಂಭಾವಿ ಹೋಬಳಿಯ ಹಳ್ಳಿಯೊಂದರಿಂದ ಕೂಲಿಕಾರನೊಬ್ಬ ಮಗಳ ಜಾತಿ-ಆದಾಯ ಪ್ರಮಾಣಪತ್ರಕ್ಕೆ ಬರುತ್ತಾನೆನ್ನಿ. ಅವನು ಕಳೆದುಕೊಳ್ಳುವುದು ಒಂದು ದಿನದ ಕೂಲಿ. ನರೇಗಾ ಲೆಕ್ಕದಲ್ಲಿ 2025-26ಕ್ಕೆ ನಮ್ಮ ರಾಜ್ಯಕ್ಕೆ ಗೊತ್ತುಮಾಡಿದ ದಿನಗೂಲಿ 370 ರೂಪಾಯಿ. ಮೂರು ಸಲ ಬಂದುಹೋದರೆ ಸಾವಿರದ ಮೇಲೆ ನೂರು. ಅಷ್ಟರಲ್ಲಿ ಮಗಳ ಅರ್ಜಿಯ ಕಡೆಯ ದಿನ ಮುಗಿದಿದ್ದರೆ ಆ ನಷ್ಟವನ್ನು ಯಾವ ಲೆಕ್ಕದಲ್ಲಿ ಬರೆಯೋಣ?

ಯಂತ್ರ ಬೇಡವೆಂದು ನಾವು ಹೇಳುವುದಿಲ್ಲ. ನಿಜಾಮರ ಕಾಲದಲ್ಲಿ ನಮ್ಮ ಭಾಗದ ಭೂಮಿಯ ಲೆಕ್ಕವೆಲ್ಲ ಪಟವಾರಿಯ ದಫ್ತರದಲ್ಲಿತ್ತು. ಅವನ ಮನೆಯ ಕಟ್ಟೆಯ ಮುಂದೆ ಕೈಕಟ್ಟಿ ನಿಂತ ಹಿರಿಯರನ್ನು ನಾವು ಮರೆತಿಲ್ಲ. 2000ನೆಯ ಇಸವಿಯ ಹೊತ್ತಿಗೆ “ಭೂಮಿ” ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗ್ರಾಮ ಲೆಕ್ಕಿಗರ ಕೈಬರಹದಿಂದ ಕಂಪ್ಯೂಟರಿಗೆ ಏರಿದವು. ಯಾರ ಕೈಯನ್ನೂ ಬೆಚ್ಚಗೆ ಮಾಡದೆ ಪಹಣಿ ಪಡೆಯಬಹುದೆಂಬುದು ಸಣ್ಣ ಮಾತಲ್ಲ. 2012ರಲ್ಲಿ ಬಂದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಪ್ರಮಾಣಪತ್ರಗಳ ಕೆಲಸವನ್ನು ಹೋಬಳಿ ಮಟ್ಟದಲ್ಲಿ ನಡೆಸಿದವು. ಆದರೆ ದಫ್ತರವು ಪಟವಾರಿಯ ಮನೆಯಿಂದ ಬೆಂಗಳೂರಿಗೆ ಹೋಯಿತೇ ಹೊರತು ನಮ್ಮ ಕಣ್ಣಿಗೆ ಕಾಣುವಲ್ಲಿಗೆ ಬರಲಿಲ್ಲ. ಆದ್ದರಿಂದ ಅಲ್ಲಿ ಏನು ನಡೆಯುತ್ತದೆಂಬುದನ್ನು ತಿಳಿಯುವುದು ಜನರ ಹಕ್ಕು.

ಇಂದಿನ ದತ್ತಾಂಶ ಕೇಂದ್ರಗಳಲ್ಲಿ ಇಲಾಖೆಗೊಂದು ಯಂತ್ರ ಇಡುವುದಿಲ್ಲ. ಹಾಗೆ ಇಟ್ಟರೆ ಹೆಚ್ಚು ಹೊತ್ತು ಯಂತ್ರ ಸುಮ್ಮನೆ ಕೂತಿರುತ್ತದೆ, ಹಣವೂ ವಿದ್ಯುತ್ತೂ ಹಾಳು. ಬದಲಿಗೆ ಒಂದು ದೊಡ್ಡ ಯಂತ್ರದೊಳಗೆ ಹತ್ತಾರು ವರ್ಚುವಲ್ ಸರ್ವರುಗಳನ್ನು, ಅಂದರೆ ತಂತ್ರಾಂಶದಿಂದಲೇ ಕಟ್ಟಿದ ಸರ್ವರುಗಳನ್ನು, ನಡೆಸುತ್ತಾರೆ. ನಾರಾಯಣಪುರದ ಎಡದಂಡೆ ಕಾಲುವೆಯನ್ನು ನೆನೆಯಿರಿ. ಮೂಲ ನೀರು ಒಂದೇ. ಶಾಖಾ ಕಾಲುವೆ, ಹಂಚಿಕೆ ಕಾಲುವೆ, ಹೊಲಗಾಲುವೆಗಳಾಗಿ ಅದು ಒಡೆಯುತ್ತದೆ. ಯಾರಿಗೆ ಎಷ್ಟು ನೀರು ಎಂಬುದನ್ನು ಗೇಟುಗಳು ಗೊತ್ತುಮಾಡುತ್ತವೆ. ಎಲ್ಲ ಗೇಟುಗಳನ್ನೂ ಒಂದೇ ಕಡೆ ಕೂತು ನೋಡಿಕೊಳ್ಳುವ ಕಚೇರಿ ಇದ್ದಂತೆ, ಈ ಸರ್ವರುಗಳ ಮೇಲೆ ಒಂದು ನಿರ್ವಹಣಾ ತಂತ್ರಾಂಶ ಇರುತ್ತದೆ. ವಿಎಂವೇರ್ ಕಂಪನಿಯ ವಿ-ಸೆಂಟರ್ ಅಂಥದರಲ್ಲಿ ಒಂದು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಈ ನಿರ್ವಹಣಾ ತಂತ್ರಾಂಶ ಕೆಟ್ಟು ನಿಂತರೂ ಕೆಳಗಿನ ಸರ್ವರುಗಳು ಆ ಗಳಿಗೆಯಲ್ಲಿ ನಿಲ್ಲುವುದಿಲ್ಲ. ನೀರುಗಂಟಿ ಮಲಗಿದರೂ ನೀರು ಹರಿಯುತ್ತಲೇ ಇರುತ್ತದೆ. ಅವನು ಮಲಗಿದ್ದ ಸುದ್ದಿ ನಮಗೆ ತಿಳಿಯುವುದು ಏರಿ ಒಡೆದ ಮೇಲೆ. ಅದಕ್ಕೇ ಈ ಕೆಲಸವನ್ನು ಮುಂದೂಡುವುದು ಬಲು ಸುಲಭ. ಉದ್ಘಾಟನೆಗೆ ಸಚಿವರು ಬರುತ್ತಾರೆ, ಫಲಕ ಹಾಕುತ್ತಾರೆ. ಹೂಳೆತ್ತುವುದಕ್ಕೆ ಯಾರು ಫಲಕ ಹಾಕಿಸುತ್ತಾರೆ?

ಮುಂದೂಡಿದ ಕೆಲಸದ ಫಲವನ್ನು ಜಗತ್ತು ಕಂಡಿದೆ. 2021ರ ಫೆಬ್ರವರಿಯಲ್ಲಿ ವಿಎಂವೇರ್ ತನ್ನ ತಂತ್ರಾಂಶದ ಒಂದು ಬಿರುಕನ್ನು ಮುಚ್ಚುವ ತೇಪೆಯನ್ನು ಹೊರಡಿಸಿತು. ಎರಡು ವರ್ಷ ಕಳೆದರೂ ಅದನ್ನು ಹಾಕದೆ ಬಿಟ್ಟವರು ಬಹಳ ಮಂದಿ. 2023ರ ಫೆಬ್ರವರಿಯಲ್ಲಿ ದುಷ್ಟರು ಅಂಥ ಸಾವಿರಾರು ಯಂತ್ರಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಜಡಿದು, ಬಿಡುಗಡೆಗೆ ಹಣ ಕೇಳಿದರು. ಅದಕ್ಕೂ ಮೊದಲು, 2022ರ ನವೆಂಬರಿನಲ್ಲಿ, ದೆಹಲಿಯ ಏಮ್ಸ್ ಆಸ್ಪತ್ರೆಯ 5 ಸರ್ವರುಗಳಿಗೆ ಇಂಥದೇ ಬೀಗ ಬಿದ್ದಿತ್ತು. ದಿನಗಟ್ಟಲೆ ಅಲ್ಲಿಯ ವೈದ್ಯರೂ ನೌಕರರೂ ಕಾಗದ-ಲೇಖನಿ ಹಿಡಿದು ರೋಗಿಗಳನ್ನು ನೋಡಿದರು. ಆಸ್ಪತ್ರೆ “ನಾಳೆ ಬಾ” ಎನ್ನದೆ ಕೈಬರಹದಿಂದ ಕೆಲಸ ನಡೆಸಬಲ್ಲದಾದರೆ ನಮ್ಮ ಕಂದಾಯ ಕಚೇರಿಗೆ ಏಕೆ ಆಗದು?

ತೇಪೆಯನ್ನು ಕಣ್ಣುಮುಚ್ಚಿ ಹಾಕುವುದೂ ಅಪಾಯವೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಒಂದು ದೋಷಪೂರಿತ ಪರಿಷ್ಕರಣೆಯಿಂದ ಲೋಕದ 85 ಲಕ್ಷ ಕಂಪ್ಯೂಟರುಗಳು ಕೆಟ್ಟು ಕೂತವು, ವಿಮಾನಗಳು ನೆಲ ಬಿಟ್ಟೇಳಲಿಲ್ಲ. ಆದ್ದರಿಂದ ಬಲ್ಲವರು ಒಂದು ಕ್ರಮ ಹಿಡಿಯುತ್ತಾರೆ. ಮೊದಲು ನಕಲು ತೆಗೆದು ಬೇರೆ ಕಡೆ ಇಡುವುದು. ಪರೀಕ್ಷೆಗೆಂದೇ ಇಟ್ಟ ಯಂತ್ರದ ಮೇಲೆ ಹೊಸದನ್ನು ಹಾಕಿ ನೋಡುವುದು. ಆಮೇಲೆ ನಿರ್ವಹಣಾ ತಂತ್ರಾಂಶ, ಅದರ ನಂತರ ಒಂದೊಂದಾಗಿ ದೊಡ್ಡ ಯಂತ್ರಗಳು. ಒಂದು ಯಂತ್ರದ ಸರದಿ ಬಂದಾಗ ಅದರೊಳಗಿನ ಸರ್ವರುಗಳನ್ನು, ನಡೆಯುತ್ತಿರುವಂತೆಯೇ, ಪಕ್ಕದ ಯಂತ್ರಕ್ಕೆ ಸಾಗಿಸಬಹುದು. ಕಿಂಡಿಯ ಮುಂದೆ ನಿಂತವನಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಅದಕ್ಕೆ ಪಕ್ಕದ ಯಂತ್ರದಲ್ಲಿ ಜಾಗ ಇರಬೇಕು, ಕೆಲಸ ಬಲ್ಲ ಮನುಷ್ಯ ಇರಬೇಕು. ಈ ಎರಡೂ ಇದ್ದಲ್ಲಿ ದುರಸ್ತಿಯ ಹೆಸರಿನಲ್ಲಿ ಹಗಲು ಹೊತ್ತು ಕೆಲಸ ನಿಲ್ಲಬೇಕಾದ ಕಾರಣವೇ ಇಲ್ಲ. ನಿಂತರೆ ಅದು ವಿಧಿಯಲ್ಲ, ಉಳಿತಾಯದ ಹೆಸರಿನ ಜಿಪುಣತನ.

ಎಲ್ಲ ತೊಂದರೆಯೂ ದುರಸ್ತಿಯದಲ್ಲ ನಿಜ. ವಿದ್ಯುತ್ತು ಹೋಗುತ್ತದೆ, ತಂತಿ ತುಂಡಾಗುತ್ತದೆ. 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ನೋಂದಣಿ ಇಲಾಖೆಯ “ಕಾವೇರಿ” ತಂತ್ರಾಂಶದ ಮೇಲೆ ಸುಳ್ಳು ಬೇಡಿಕೆಗಳ ಪ್ರವಾಹ ಹರಿಸಿ ಅದನ್ನು ಉಸಿರುಗಟ್ಟಿಸಿದ್ದರು. ಆದರೆ “ಸರ್ವರ್ ಇಲ್ಲ” ಎಂಬ ಒಂದೇ ಮಾತಿನ ಕೆಳಗೆ ಇವೆಲ್ಲ ಮುಚ್ಚಿಹೋಗುತ್ತವೆ, ಹೊಣೆಗಾರನೂ ಮುಚ್ಚಿಹೋಗುತ್ತಾನೆ. ಬೈಗುಳ ತಿನ್ನುವವನು ಕಿಂಡಿಯ ಹಿಂದಿನ ಗುತ್ತಿಗೆ ನೌಕರ.

ಇನ್ನು ಒಡೆತನದ ಪ್ರಶ್ನೆ. 2023ರ ನವೆಂಬರ್ 22ರಂದು ಬ್ರಾಡ್‌ಕಾಮ್ ಎಂಬ ಅಮೆರಿಕದ ಬೃಹತ್ ಕಂಪನಿ ವಿಎಂವೇರನ್ನು ಕೊಂಡಿತು. ಮರುತಿಂಗಳೇ, ಒಮ್ಮೆ ಹಣ ಕೊಟ್ಟು ಸದಾ ಬಳಸುವ ಪರವಾನಗಿಯ ಮಾರಾಟವನ್ನು ನಿಲ್ಲಿಸಿತು. ಇನ್ನು ಮುಂದೆ ಚಂದಾ ಕಟ್ಟುತ್ತಲೇ ಇರಬೇಕು. ಏಳನೆಯ ಆವೃತ್ತಿಗೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರಿಗೆ ಮುಗಿಯಿತು. ಹೊಲ ಕೊಂಡವನಿಗೆ “ಇನ್ನು ನೀನು ಗೇಣಿದಾರ” ಎಂದಂತಾಯಿತಲ್ಲವೆ? ಗೇಣಿ ಎಂದರೇನೆಂದು ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ದಾರಿ ಇಲ್ಲದಿಲ್ಲ. ಲಿನಕ್ಸಿನೊಳಗೆ 2007ರಿಂದಲೂ ಇರುವ ಕೆ.ವಿ.ಎಂ. ಇದೇ ಕೆಲಸ ಮಾಡುತ್ತದೆ, ಪರವಾನಗಿಯ ಬಾಡಿಗೆ ಕೇಳುವುದಿಲ್ಲ. ಬದಲಾವಣೆಗೆ ಕಾಲ ಬೇಕು, ತರಬೇತಿ ಬೇಕು, ಪುಕ್ಕಟೆ ಆಗುವುದಿಲ್ಲ. ಆದರೆ ಆ ಹಣ ನಮ್ಮ ಪಾಲಿಟೆಕ್ನಿಕ್ ಹುಡುಗರ ಸಂಬಳವಾಗಿ ಇಲ್ಲೇ ಉಳಿಯುತ್ತದೆ.

ಹಾಗಾದರೆ ಆಗತಕ್ಕದ್ದೇನು?

1. ದುರಸ್ತಿಯ ವೇಳಾಪಟ್ಟಿಯನ್ನು ಮುಂಚಿತವಾಗಿ ಕನ್ನಡದಲ್ಲಿ ಪ್ರತಿ ನಾಡಕಚೇರಿಯ ಹಲಗೆಯ ಮೇಲೆ ಹಾಕಬೇಕು. ಸರ್ವರ್ ನಿಂತರೆ ಕಾರಣವನ್ನೂ ಅವಧಿಯನ್ನೂ ಬರೆದು ಪ್ರಕಟಿಸಬೇಕು.

2. ದತ್ತಾಂಶ ಕೇಂದ್ರದಲ್ಲಿ ಸಾಕಷ್ಟು ಹೆಚ್ಚುವರಿ ಯಂತ್ರಗಳಿರಬೇಕು, ಕೆಲಸಗಾರರು ಕಾಯಂ ಆಗಿರಬೇಕು. ವರ್ಷಕ್ಕೊಬ್ಬ ಗುತ್ತಿಗೆದಾರ ಬಂದುಹೋದರೆ ಕೆಲಸದ ಅರಿವೂ ಅವನೊಂದಿಗೇ ಹೋಗುತ್ತದೆ.

3. ಸರ್ವರ್ ನಿಂತ ದಿನ ಬಂದ ಪ್ರತಿಯೊಬ್ಬನಿಗೂ ತಾರೀಖು ಹಾಕಿದ ಚೀಟಿ ಕೊಡಬೇಕು. ಆ ಚೀಟಿ ತೋರಿಸಿದವನಿಗೆ ಅರ್ಜಿಯ ಗಡುವು ಮುಂದಕ್ಕೆ ಹೋಗಬೇಕು. ತುರ್ತಿಗೆ ಕೈಬರಹದ ತಾತ್ಕಾಲಿಕ ಪತ್ರ ಸಿಗಬೇಕು.

4. 2012ರಲ್ಲಿ ಜಾರಿಗೆ ಬಂದ ಸಕಾಲ ವಿಳಂಬದ ದಿನವೊಂದಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರದ ಹಕ್ಕು ಕೊಟ್ಟಿದೆ. ಸರ್ವರ್ ನಿಂತ ದಿನವೂ ವಿಳಂಬವೇ. ಅದರ ಹೊಣೆ ಕಿಂಡಿಯ ನೌಕರನ ಮೇಲಲ್ಲ, ಸರ್ವರ್ ಕಾಯುವವರ ಮೇಲೆ ಬೀಳಬೇಕು.

5. ಯಾವ ತಂತ್ರಾಂಶಕ್ಕೆ ವರ್ಷಕ್ಕೆ ಎಷ್ಟು ಕಟ್ಟುತ್ತೇವೆಂಬ ಲೆಕ್ಕ ವಿಧಾನಮಂಡಲದ ಮುಂದೆ ಬರಬೇಕು.

ಇವು ಅಸಾಧ್ಯದ ಬೇಡಿಕೆಗಳಲ್ಲ. ಕಾಲುವೆಗೆ ನೀರು ಬಿಡುವ ದಿನವನ್ನು ಪ್ರಕಟಿಸುವ ಸರ್ಕಾರ ಸರ್ವರ್ ನಿಲ್ಲಿಸುವ ದಿನವನ್ನೂ ಪ್ರಕಟಿಸಬಲ್ಲದು. ಮುಂದಿನ ಸಲ ಕಿಂಡಿಯಲ್ಲಿ “ಸರ್ವರ್ ಇಲ್ಲ” ಎಂದಾಗ, ಅಣ್ಣಗಳಿರಾ, ಅಕ್ಕಗಳಿರಾ, ಸುಮ್ಮನೆ ಹಿಂದಿರುಗಬೇಡಿ. ಅಲ್ಲಿಯ ನೌಕರನ ಮೇಲೆ ಸಿಟ್ಟಾಗಲೂ ಬೇಡಿ. ಒಂದು ಹಾಳೆಯ ಮೇಲೆ ತಾರೀಖು, ಹೊತ್ತು, ಬಂದ ಕೆಲಸ ಬರೆದು ಹತ್ತು ಜನ ಸಹಿ ಅಥವಾ ಹೆಬ್ಬೆಟ್ಟು ಹಾಕಿ ತಹಸೀಲ್ದಾರರಿಗೆ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ತಿಂಗಳಿಗೆ ಅಂಥ ನೂರು ಹಾಳೆ ಕೂಡಿದರೆ, ಸರ್ವರ್ ಏಕೆ ನಿಂತಿತೆಂದು ಬೆಂಗಳೂರು ಉತ್ತರ ಹೇಳಲೇಬೇಕಾಗುತ್ತದೆ.