ಅಜ್ಜಮಾಡ ದೇವಯ್ಯ: ಹಗೆಯ ಬರಹದಲ್ಲಿ ಉಳಿದ ವೀರ

ವೀರಗಲ್ಲು ಕೊರೆಸಿದವರಿಗೆ ಒಂದು ಅನುಕೂಲವಿತ್ತು. ತುರುಗಳನ್ನು ಮರಳಿಸಿ ಮಡಿದವನು ಊರಿನವನು, ಕಾಳಗ ನಡೆದದ್ದು ಊರ ಗಡಿಯಲ್ಲಿ, ಕಣ್ಣಾರೆ ಕಂಡವರು ಬದುಕಿದ್ದರು. ಹೀಗಾಗಿ ಹೆಸರು ತಪ್ಪುತ್ತಿರಲಿಲ್ಲ. 10ನೆಯ ಶತಮಾನದ ಆತಕೂರು ಶಾಸನವಂತೂ ಹಂದಿಯೊಡನೆ ಸೆಣಸಿ ಸತ್ತ ಕಾಳಿಯೆಂಬ ನಾಯಿಯ ಹೆಸರನ್ನೂ ಕಾಪಾಡಿದೆ. ಆದರೆ ಪರನೆಲದಲ್ಲಿ, ತನ್ನವರಾರೂ ಕಾಣದಂತೆ ಮಡಿದವನಿಗೆ ಸಾಕ್ಷಿ ನುಡಿಯುವವರು ಯಾರು?

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ವೃತ್ತಾಂತ ಈ ಪ್ರಶ್ನೆಯನ್ನು ಎದುರಿಗಿಡುತ್ತದೆ. 1932ರಲ್ಲಿ ಜನಿಸಿದ ಅವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿದ್ದರು. ಅವರಿಗೆ ಮೊದಲು ಗೊತ್ತುಮಾಡಿದ್ದು ಕಾದಿರಿಸಿದ ವೈಮಾನಿಕನ ಸ್ಥಾನ. ಬೇರೊಂದು ವಿಮಾನ ಹಿಂದುಳಿದಾಗ ತಂಡವನ್ನು ಸೇರಿಕೊಂಡರು. ಏರಿದ್ದು ಮಿಸ್ಟಿಯರ್, ಎದುರಾದದ್ದು ವೇಗದಲ್ಲಿ ಅದಕ್ಕಿಂತ ಬಹಳ ಮುಂದಿದ್ದ ಸ್ಟಾರ್‌ಫೈಟರ್. ಉಳಿದವರು ಮರಳಿದರು, ದೇವಯ್ಯ ಮರಳಲಿಲ್ಲ. ಭಾರತದ ದಾಖಲೆಗಳಲ್ಲಿ ಅವರು ಬಹುಕಾಲ ಕಾಣೆಯಾದವರಾಗಿಯೇ ಉಳಿದರು.

ಪಾಕಿಸ್ತಾನದ ಪಕ್ಷದಿಂದ ಆ ಯುದ್ಧವನ್ನು ವಿವರಿಸಿದ ಜಾನ್ ಫ್ರಿಕರ್ ಎಂಬ ಲೇಖಕನ ಕೃತಿ 1979ರಲ್ಲಿ ಪ್ರಕಟವಾಯಿತು. ಪೆಟ್ಟುತಿಂದ ಮಿಸ್ಟಿಯರ್ ಒಂದು ತಿರುಗಿ ಕಾದಿ ಸ್ಟಾರ್‌ಫೈಟರನ್ನು ಉರುಳಿಸಿದ ಸಂಗತಿ ಅದರಿಂದ ಹೊರಬಿತ್ತು. ಆ ಮಿಸ್ಟಿಯರ್ ದೇವಯ್ಯನವರದೇ ಎಂಬುದು ಮುಂದಿನ ಪರಿಶೀಲನೆಯಲ್ಲಿ ಖಚಿತವಾಯಿತು. 1988ರಲ್ಲಿ, ಅಂದರೆ 23 ವರ್ಷಗಳ ಅನಂತರ, ಮರಣೋತ್ತರ ಮಹಾವೀರ ಚಕ್ರ ಸಂದಿತು. ಸೋತವನ ಶೌರ್ಯವನ್ನು ಎದುರುಪಕ್ಷದ ನೆನಪೇ ಎತ್ತಿಹಿಡಿಯಿತು.

ಪಂಪನನ್ನು ಓದಿದವರಿಗೆ ಇದು ಹೊಸತೆನಿಸದು. ಅರ್ಜುನನನ್ನೇ ನಾಯಕನಾಗಿಸಿ ಕಾವ್ಯ ಕಟ್ಟಿದ ಆ ಜೈನಕವಿ, ತಾನೂ ಕತ್ತಿ ಹಿಡಿದವನು, ಕರ್ಣ ಬಿದ್ದಾಗ ನೆನೆಯಬೇಕಾದವನು ಕರ್ಣನೇ ಎನ್ನುತ್ತಾನೆ. ಆಶ್ರಯದಾತನ ಕೀರ್ತಿಗೆಂದು ಹುಟ್ಟಿದ ಕಾವ್ಯದಲ್ಲಿ ಹಗೆಯ ಗುಣಕ್ಕೆ ದೊರೆತ ಈ ಜಾಗ ಕನ್ನಡದ ಹೆಚ್ಚುಗಾರಿಕೆ.

2025ರಲ್ಲಿ ಬಂದ ಸ್ಕೈ ಫೋರ್ಸ್ ಎಂಬ ಹಿಂದೀ ಚಿತ್ರ ದೇವಯ್ಯನವರ ಕಥೆಯನ್ನು ದೇಶಕ್ಕೆಲ್ಲ ಹೇಳಿತು, ಆದರೆ ಹೆಸರನ್ನು ಬದಲಿಸಿತು. ಕಲ್ಪನೆಗೆ ಸ್ವಾತಂತ್ರ್ಯ ಬೇಕೆಂಬ ವಾದ ಗೊತ್ತಿರುವುದೇ. ನಾಯಿಯ ಹೆಸರನ್ನೂ ಬಿಡದ ನಾಡಿನ ಓದುಗರಿಗೆ ಆ ವಾದ ಒಪ್ಪಿಗೆಯಾಗುವುದು ಕಷ್ಟ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆ ನೆನಪಿನ ವಿಷಯದಲ್ಲಿ ಬಡವಾದುದಲ್ಲ. ಕಾಳಗದಲ್ಲಿ ಮಡಿದ ಕೋಟಿ ಚೆನ್ನಯರು ಪಾಡ್ದನದಲ್ಲಿಯೂ ಗರೋಡಿಗಳಲ್ಲಿಯೂ ಇಂದಿಗೂ ಇದ್ದಾರೆ. ಭರತ ಬಾಹುಬಲಿಯರ ಯುದ್ಧವನ್ನು ಮಾತಿನಿಂದಲೇ ನಿಲ್ಲಿಸಿದ ರತ್ನಾಕರವರ್ಣಿ ಮೂಡುಬಿದಿರೆಯವನು. ಅದೇ ಊರಿನ ಕೊಡಂಗಲ್ಲಿನಲ್ಲಿ ಮುರಕಲ್ಲಿನ ಜೈನ ಸಮಾಧಿಗಳು ಸಾಲಾಗಿ ನಿಂತಿವೆ. (ಅವು ವೀರಗಲ್ಲುಗಳಲ್ಲ, ಎರಡನ್ನೂ ಬೆರೆಸುವ ಅಭ್ಯಾಸ ವಿದ್ಯಾರ್ಥಿಗಳಲ್ಲಿ ಹೆಚ್ಚುತ್ತಿದೆ.) ಬಹುಪಾಲು ಸಮಾಧಿಗಳ ಮೇಲೆ ಬರಹವಿಲ್ಲ. ಅಂತಸ್ತು ಅಂತಸ್ತಾಗಿ ಎದ್ದ ಕಟ್ಟಡ ಉಳಿದಿದೆ, ಒಳಗೆ ಮಲಗಿದವರು ಯಾರೆಂದು ಹೇಳಲು ಬಾರದು.

ಶಾಸನ ಓದುವುದನ್ನು ಕಲಿಸುವ ಕನ್ನಡ ವಿಭಾಗಗಳು ಈ ಮೂರು ತಾಲೂಕುಗಳಿಂದ ಸೇನೆಗೆ ಹೋದವರ ಮನೆಗಳಿಗೂ ವಿದ್ಯಾರ್ಥಿಗಳನ್ನು ಕಳುಹಿಸಬೇಕು. ಪಾಡ್ದನ ಸಂಗ್ರಹಕ್ಕೆ ಮನೆಮನೆ ಅಲೆದವರ ಮೇಲ್ಪಂಕ್ತಿ ಇಲ್ಲಿಯೇ ಇದೆ. ಮರಳಿ ಬಾರದವನ ಕಾಗದ, ಸೇನೆಯಿಂದ ಬಂದ ತಂತಿ, ಜೊತೆಗಾರನೊಬ್ಬ ಊರಿಗೆ ಬಂದು ಹೇಳಿಹೋದ ಮಾತು: ಇವುಗಳನ್ನು ತಾರೀಖಿನೊಡನೆ, ಹೆಸರಿನೊಡನೆ ಬರೆದಿಡುವುದೂ ಸಂಶೋಧನೆಯೇ. ದೇವಯ್ಯನವರಿಗೆ ಮಡಿಕೇರಿಯಲ್ಲಿ ಈಗ ಪ್ರತಿಮೆಯಿದೆ. ಫ್ರಿಕರ್ ಬರೆಯದೆ ಹೋಗಿದ್ದರೆ ಅದರ ಪೀಠದ ಮೇಲೆ ಏನನ್ನು ಕೆತ್ತಬಹುದಿತ್ತು?